ಪಾವಟಿಗೆಯ ಮೇಲಿನ ಕುರ್ಚಿ

ಆ ಲತೀಶನಲ್ಲಿ ಅಂಥದ್ದೇನಿದೆ ಎಂಬುದು ಪ್ರಭುದೇವನಿಗೆ ಇಷ್ಟು ದಿನ ನೋಡಿದರೂ ಹೊಳೆಯಲಿಲ್ಲ. ಕುಳ್ಳ ಮನುಷ್ಯ. ನೆತ್ತಿಯ ಕೂದಲು ಹಿಂದೆ ಸರಿದಿದೆ, ಹೊಟ್ಟೆ ಮುಂದೆ ಬಂದಿದೆ, ಅಂಗಿಯ ನಡುಗುಂಡಿ ಈಗಲೋ ಆಗಲೋ ಕಿತ್ತುಹೋಗುವಂತಿದೆ. ನಕ್ಕರೆ ಮೇಲಿನ ಒಸಡೆಲ್ಲ ಕಾಣುತ್ತದೆ. ಠಾಕುರ್ಲಿ ಸ್ಟೇಶನ್ನಿನ ಪೂರ್ವಕ್ಕೆ, ಒಂದು ಕಟ್ಟಡದ ಕೆಳಗಿನ ಎರಡು ಅಂಗಡಿಗಳನ್ನು ಕೂಡಿಸಿ ಮಾಡಿದ ಸರಕಾರಿ ದವಾಖಾನೆಯಲ್ಲಿ ಅವನು ಡಾಕ್ಟರನೂ ಅಲ್ಲ. ಬಿಪಿ ನೋಡುವ, ಬೆರಳು ಚುಚ್ಚಿ ಸಕ್ಕರೆ ನೋಡುವ, ಗುಳಿಗೆ ಎಣಿಸಿಕೊಡುವ ಆಳು ಅಷ್ಟೆ. ಡಾಕ್ಟರಮ್ಮ ಇರುವುದು ಪರದೆಯ ಆಚೆ. ಆದರೂ ಬಂದವರೆಲ್ಲ ದೇವರಿಗಿಂತ ಮೊದಲು ಪೂಜಾರಿ ಎಂಬಂತೆ ಅವನ ಮೇಜಿನ ಮುಂದೆ ಕೂತು ತೋಳು ಚಾಚುತ್ತಾರೆ. ಅವನು ತೋಳಿಗೆ ಪಟ್ಟಿ ಸುತ್ತುತ್ತ ಊಟ ಆಯಿತೋ, ನಿದ್ದೆ ಬಂತೋ, ಸೊಸೆ ಮಾತಾಡುತ್ತಾಳೋ ಎಂದು ಕೇಳುತ್ತಾನೆ. ಮರಾಠಿಯವರಿಗೆ ಮರಾಠಿಯಲ್ಲಿ, ತುಳುವಿನವರಿಗೆ ತುಳುವಿನಲ್ಲಿ. ಮಾತಿಗೆ ಏನು ಖರ್ಚು, ಯಾರು ಬೇಕಾದರೂ ಕೇಳಬಹುದು ಎಂದು ಪ್ರಭುದೇವ ಹೊಸ್ತಿಲಾಚೆ ಹತ್ತಿ ಬರುವ ಪಾವಟಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಲ್ಲೇ ಹಲ್ಲು ಕಡಿದ. ಹಾಗೆ ಕೇಳಬಹುದಾದದ್ದನ್ನು ತಾನು ಯಾರಿಗೂ ಯಾಕೆ ಕೇಳಿಲ್ಲ ಎಂಬ ಇನ್ನೊಂದು ಯೋಚನೆ ಹಿಂದೆಯೇ ಬಂತು. ಅದನ್ನು ಹತ್ತಿರ ಬರಗೊಡದೆ ಅವನು ಬಾಟಲಿ ತೆಗೆದು ಮತ್ತೆ ನೀರು ಕುಡಿದ.

ಅವನ ಕೆಲಸ ಎಣಿಸುವುದು. ಭಿವಂಡಿಯ ಗೋದಾಮಿನಲ್ಲಿ ಬಟ್ಟೆಯ ಥಾನು ಎಣಿಸುತ್ತಿದ್ದ. ಗೋದಾಮು ಮುಚ್ಚಿ ಎರಡು ವರ್ಷವಾದ ಮೇಲೆ ಈಗ ಜನರನ್ನು ಎಣಿಸುತ್ತಾನೆ. ಸರಕಾರದ ದುಡ್ಡಿನಲ್ಲಿ ನಡೆಯುವ ಇಂಥ ಓಣಿ ದವಾಖಾನೆಗಳಿಗೆ ಎಷ್ಟು ಜನ ಬರುತ್ತಾರೆ, ಯಾಕೆ ಬರುತ್ತಾರೆ, ಬಂದವರು ತಿರುಗಿ ಬರುತ್ತಾರೋ ಎಂದು ಅಳೆಯುವ ಗುತ್ತಿಗೆಯನ್ನು ಠಾಣೆಯ ಒಂದು ಸಂಸ್ಥೆ ಹಿಡಿದಿತ್ತು. ಒಳಗೆ ಹೋದವರಿಗೆಲ್ಲ ಅಂಗೈಯಲ್ಲಿ ಹಿಡಿದ ಕೌಂಟರಿನ ಗುಂಡಿ ಒತ್ತಬೇಕು. ಹೊರಗೆ ಬರುವ ಪ್ರತಿ ಮೂರನೆಯವರನ್ನು ನಿಲ್ಲಿಸಿ ಟ್ಯಾಬಿನಲ್ಲಿ ಇದ್ದ ಪ್ರಶ್ನೆಗಳನ್ನು ಕೇಳಬೇಕು. ಮಗನ ವಯಸ್ಸಿನ ಸೂಪರ್‌ವೈಸರ್ ಜಯೇಶ್ ತರಬೇತಿಯ ದಿನ ಎರಡು ಮಾತು ಒತ್ತಿ ಹೇಳಿದ್ದ. ಒಂದು, ಕಾಕಾ, ಸಂಬಂಧಿಕರು ಬಂದರೆ ಬಿಟ್ಟು ಮುಂದಿನವರನ್ನು ಕೇಳಿ. ಎರಡು, ಕುರ್ಚಿ ಬಾಗಿಲಿನಿಂದ ದೂರ ಇರಲಿ, ಅಳೆಯುವವನು ಕಣ್ಣಿಗೆ ಬಿದ್ದರೆ ಅಳತೆ ಕೆಡುತ್ತದೆ. ಜನ ಕಡಿಮೆ ಬರುವ ದವಾಖಾನೆಯನ್ನು ಮುಚ್ಚಿ ಹಳಿಯಾಚೆಯದಕ್ಕೆ ಸೇರಿಸುತ್ತಾರೆ ಎಂಬುದನ್ನು ಜಯೇಶ್ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವನ ಹೆಂಡತಿ ನೀಲಗಂಗಾಗೆ, ಗಂಡ ಮಾಡುವ ಕೆಲಸ. ಕಲ್ಯಾಣದ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದ. ಪುಕ್ಕಟೆ ಗುಳಿಗೆ ತೆಗೆದುಕೊಂಡು ಹೊರಬರುವವರ ಮುಂದೆ ನಿಂತು ಸಮಾಧಾನ ಆಯಿತೇನ್ರಿ ಎಂದು ಕೇಳುತ್ತೇನೆ ಅಂತ ಹೆಂಡತಿಯ ಮುಂದೆ ಯಾವ ಬಾಯಿಂದ ಹೇಳುವುದು. ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಸಾಯುವುದು ಲೇಸು ಎಂದು ಇದೇ ಬಾಯಿಂದ ಎಷ್ಟು ಸಲ ಅಂದಿದ್ದ. ಹುಡುಗನಾಗಿದ್ದಾಗ ಅಪ್ಪನನ್ನು ಕರೆದುಕೊಂಡು ಅಂಥ ಸಾಲಿನಲ್ಲಿ ನಿಂತಿದ್ದ. ಬಾಗಿಲು ಕಾಯುವವನು ಅಪ್ಪನ ಧೋತರದ ಚುಂಗು ಹಿಡಿದು ಹಿಂದಕ್ಕೆ ಜಗ್ಗಿದ್ದ, ಅಪ್ಪ ಸಿಟ್ಟಾಗದೆ ನಕ್ಕಿದ್ದ. ಆ ನಗುವನ್ನು ಪ್ರಭುದೇವ ಈವರೆಗೂ ಕ್ಷಮಿಸಿರಲಿಲ್ಲ.

ಮೊದಲ ವಾರ ಎಲ್ಲ ನೆಟ್ಟಗಿತ್ತು. ರಸ್ತೆಯ ಆಚೆ ಕಾಡುಬಾದಾಮಿ ಮರದ ಕೆಳಗೆ, ವಡಾಪಾವಿನ ಗಾಡಿಯ ಮಗ್ಗುಲಲ್ಲಿ ಕೂತು ಗುಂಡಿ ಒತ್ತುತ್ತಿದ್ದ. ಮುದುಕಿಯರು ಬಂದರು, ಬಸುರಿಯರು ಬಂದರು, ಕೆಮ್ಮುವ ರಿಕ್ಷಾದವರು ಬಂದರು, ಗುಂಡಿ ಒತ್ತಿದ. ಹೂವಿನ ಸೀರೆಯುಟ್ಟ ಒಬ್ಬಾಕೆ ಬಂದಳು, ಒತ್ತಿದ. ಒತ್ತಿದ ಮೇಲೆ ಅದು ತನ್ನ ಮನೆಯ ಸೀರೆ ಎಂದು ತಿಳಿಯಿತು. ನೀಲಗಂಗಾ ಹೊಸಬಳ ಹಾಗೆ ಹೊಸ್ತಿಲಲ್ಲಿ ತಡವರಿಸಲಿಲ್ಲ. ಚಪ್ಪಲಿ ಬಿಡುವ ಮೂಲೆ ಅವಳಿಗೆ ಗೊತ್ತಿತ್ತು, ಕಾಲಿನಿಂದಲೇ ಅದನ್ನು ಅಲ್ಲಿಗೆ ಸರಿಸಿ ಒಳಗೆ ಹೋದಳು. ಅವಳಿಗೇನು ರೋಗ? ಬೆಳಿಗ್ಗೆ ರೊಟ್ಟಿ ಬಡಿದದ್ದು, ನೀರು ತುಂಬಿದ್ದು ಎಲ್ಲ ದಿನದ ಹಾಗೇ ಇತ್ತಲ್ಲ. ಪ್ರಭುದೇವ ಎದ್ದು ಗಾಡಿಯ ಹಿಂದೆ ಸರಿದು ಕಿಟಕಿಯ ಕಡೆ ನೋಡಿದ. ಲತೀಶ ಏನೋ ಅಂದ. ನೀಲಗಂಗಾ ನಕ್ಕಳು. ಸೆರಗು ಬಾಯಿಗೆ ಹಿಡಿದು, ಮೈಯೆಲ್ಲ ಅಲುಗುವ ಹಾಗೆ ನಕ್ಕಳು. ಹೀಗೆ ಅವಳು ನಕ್ಕದ್ದನ್ನು ಕೊನೆಗೆ ಎಂದು ಕಂಡದ್ದು? ಮದುವೆಯ ಮರುವರ್ಷ ವಿಜಯಪುರದಿಂದ ಬರುವ ಗಾಡಿಯಲ್ಲಿ ಅವನ ಟೋಪಿ ಕಿಟಕಿಯಿಂದ ಹಾರಿ ಹೋದಾಗ ಒಮ್ಮೆ. ಆಗ ತಾನೂ ನಗಬಹುದಿತ್ತು. ಟೋಪಿ ಹೊಸದಿತ್ತೆಂದು ಸೊಲ್ಲಾಪುರದವರೆಗೂ ಮುಖ ಗಂಟು ಹಾಕಿಕೊಂಡು ಕೂತಿದ್ದ, ಅವಳು ನಗುವನ್ನು ನುಂಗಿಕೊಂಡಿದ್ದಳು. ನುಂಗಿದ್ದನ್ನು ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದಳೋ, ಈಗ ತಂದು ಈ ಬೋಳುತಲೆಯವನ ಮೇಜಿನ ಮೇಲೆ ಸುರಿಯುತ್ತಿದ್ದಾಳೆ. ಮುಂದೆ ಅವನು ಅವಳ ತೋಳಿಗೂ ಪಟ್ಟಿ ಸುತ್ತುತ್ತಾನೆ, ಮಣಿಕಟ್ಟು ಹಿಡಿಯುತ್ತಾನೆ. ಅಷ್ಟರಲ್ಲಿ ಒಂದು ಟೆಂಪೋ ಬಂದು ಕಿಟಕಿಗೆ ಅಡ್ಡ ನಿಂತಿತು. ಅದು ಹೋಗುವ ಹೊತ್ತಿಗೆ ನೀಲಗಂಗಾ ಚೀಲ ಹಿಡಿದು ಸ್ಟೇಶನ್ನಿನ ಕಡೆ ನಡೆದಿದ್ದಳು, ಅವನು ಕಾಣದ್ದೆಲ್ಲ ಕಂಡದ್ದಕ್ಕಿಂತ ಸ್ಪಷ್ಟವಾಗಿ ಅವನೊಳಗೆ ಉಳಿಯಿತು.

ಮರುದಿನ ಬೆಳಿಗ್ಗೆ ಅವನು ಕುರ್ಚಿಯನ್ನು ಎತ್ತಿ ತಂದು ದವಾಖಾನೆಯ ಪಾವಟಿಗೆಯ ಮೇಲೆ ಹಾಕಿದ. ಅಲ್ಲಿ ಬಿಸಿಲು ಬರುತ್ತದೆ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಮರದ ಕೆಳಗೆ ಬಾರದ ಬಿಸಿಲು ಪಾವಟಿಗೆಗೆ ಬಾರದೆ ಇರುತ್ತದೆಯೇ. ಕೊರಳಲ್ಲಿ ಗುರುತಿನ ಚೀಟಿ, ಮೊಣಕಾಲ ಮೇಲೆ ಟ್ಯಾಬು, ಮುಖದ ಮೇಲೆ ಗೋದಾಮಿನ ದಿನಗಳ ಬಿಗಿ. ಬರುವವರು ಅವನನ್ನು ದಾಟಿಯೇ ಒಳಗೆ ಹೋಗಬೇಕು. ಮೊದಲ ದಿನ ಕೆಲವರು ಓಣಿಯ ಬಾಯಲ್ಲಿ ನಿಂತು, ಅವನನ್ನು ನೋಡಿ, ಏನೋ ಮರೆತವರ ಹಾಗೆ ತಿರುಗಿದರು. ಎರಡನೆಯ ದಿನ ಇನ್ನಷ್ಟು ಜನ ತಿರುಗಿದರು. ಕಾಗದಪತ್ರವಿಲ್ಲದ ಕೋಣೆಗಳಲ್ಲಿ ಬಾಡಿಗೆಗಿರುವ ಜನ. ಕೊರಳಿಗೆ ಚೀಟಿ ಹಾಕಿಕೊಂಡು ಬಾಗಿಲಲ್ಲಿ ಕೂತವನು ಯಾಕೆ ಕೂತಿದ್ದಾನೆ ಎಂದು ಕೇಳುವ ಗೋಜಿಗೆ ಅವರು ಹೋಗುವುದಿಲ್ಲ. ಕೌಂಟರಿನ ಗುಂಡಿಗೆ ಕೆಲಸ ಕಡಿಮೆಯಾಯಿತು. ತಾನೇ ಕೆಡಿಸುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಲಿಲ್ಲವೆಂದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಾರು. ಜಯೇಶ್ ಫೋನು ಮಾಡಿ ಠಾಕುರ್ಲಿಯ ಅಂಕಿ ಯಾಕೆ ಬಿದ್ದಿದೆ ಕಾಕಾ ಎಂದಾಗ, ಇಲ್ಲಿಯವರಿಗೆ ಇದರ ಜರೂರು ಇಲ್ಲ ಅಂತ ಕಾಣುತ್ತದೆ ಎಂದುಬಿಟ್ಟ. ಅಂದ ಮೇಲೆ ಎದೆಯೊಳಗೆ ತಂಪಾಯಿತು. ದವಾಖಾನೆ ಮುಚ್ಚಲಿ, ಮೇಜು ಹೋಗಲಿ, ಮೇಜಿನ ಹಿಂದಿನವನನ್ನು ಅಂಬರನಾಥಕ್ಕೋ ಎಲ್ಲಿಗೋ ಅಟ್ಟಲಿ. ಆ ಲತೀಶ ಇದ್ಯಾವುದೂ ತಿಳಿಯದೆ ದಿನವೂ ಅವನಿಗೆ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕಳಿಸುತ್ತಿದ್ದ. ಪ್ರಭುದೇವ ಅದನ್ನು ಮುಟ್ಟದೆ ಕುರ್ಚಿಯ ಕಾಲಿನ ಹತ್ತಿರ ಆರಲು ಬಿಡುತ್ತಿದ್ದ.

ಮೂರನೆಯ ದಿನ ಅಪ್ಪಿ ಎಂಬ ಮುದುಕಿ ಅವನ ಮುಂದೆ ನಿಂತಳು. ಕಾಪು ಕಡೆಯವಳು, ಗಂಡ ಹಿಂದೆ ಕಲ್ಯಾಣದಲ್ಲಿ ಹೋಟೆಲು ನಡೆಸಿದವನು. ಅವಳು ದಿನಾ ಬರುತ್ತಾಳೆ, ಬಿಪಿ ಇರಲಿ ಬಿಡಲಿ. ಕೋಲನ್ನು ಅವನ ಕುರ್ಚಿಯ ಕಾಲಿಗೆ ತಾಗಿಸಿ, "ನೀವು ಎಂತ ಬಾಗಿಲಿಗೆ ಅಡ್ಡ ಕೂತದ್ದು ಮಾರಾಯ್ರೆ? ಕಟ್ಟಡ ಒಡೆಯುವ ಮುನ್ಸಿಪಾಲಿಟಿಯವರು ಅಂತ ಗ್ರಹಿಸಿ ಜನ ವಾಪಸ್ ಹೋಗ್ತಾರೆ. ನಿನ್ನೆ ನಿಮ್ಮ ಕಡೆಯ ಒಂದು ಹೆಂಗಸು ಕೂಡ ಆ ತಿರುವಲ್ಲಿ ನಿಂತು ನಿಂತು ಹೋಯ್ತು, ಪಾಪ" ಅಂದಳು. ನಿಮ್ಮ ಕಡೆಯ ಎಂದರೆ ಯಾವ ಕಡೆ ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅಂದರೆ ನೀಲಗಂಗಾ ನೋಡಿದ್ದಾಳೆ. ನೋಡಿ ತಿರುಗಿದ್ದಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ತಪ್ಪಿಲ್ಲದವಳಾದರೆ ಗಂಡನನ್ನು ಕಂಡು ಯಾಕೆ ತಿರುಗಬೇಕು. ತಾನು ಸುಳ್ಳು ಹೇಳಿ ಇಲ್ಲಿ ಕೂತದ್ದು ಆ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲ. ಬಾಯಿ ಒಣಗಿತ್ತು. ಬೆಳಿಗ್ಗೆಯಿಂದ ಎಷ್ಟನೆಯ ಸಲವೋ ಎದ್ದು ಹಿಂದಿನ ಪಾಯಖಾನೆಗೆ ಹೋದ. ಮತ್ಸರಕ್ಕೆ ಇಷ್ಟು ನೀರಡಿಕೆ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ನೀಲಗಂಗಾ ಏನೂ ಕೇಳಲಿಲ್ಲ. ಇವನೇ ಕಲ್ಯಾಣದಲ್ಲಿ ಇವತ್ತು ಬಹಳ ಲೆಕ್ಕ ಇತ್ತು ಎಂದು ಬೇಕೆಂದೇ ಅಂದು ಅವಳ ಮುಖ ನೋಡಿದ. ಅವಳು ಹೌದೇನ್ರಿ ಎಂದು ಪಲ್ಯ ಬಡಿಸಿದಳು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವಳು ಎಂದಿನಂತೆ ಕಾಗದದಿಂದ ಬಿಡಿಸಿ ಸಣ್ಣ ಸ್ಟೀಲಿನ ಬಟ್ಟಲಲ್ಲಿ ಹಾಕಿ ತಟ್ಟೆಯ ಮಗ್ಗುಲಲ್ಲಿಟ್ಟಳು. ಎರಡು ವರ್ಷದಿಂದ ಹಾಗೇ ಇಡುತ್ತಾಳೆ, ಇವನು ಕಣ್ಣು ಹಾಯಿಸದೆ ನುಂಗುತ್ತಾನೆ. ಡೊಂಬಿವಲಿಯ ಡಾಕ್ಟರು ಬರೆದದ್ದು, ಕೆಳಗಿನ ಮೆಡಿಕಲ್ಲಿನಿಂದ ಬರುವುದು, ಅದರಲ್ಲಿ ನೋಡುವುದೇನು. ಆದರೆ ಈ ವಾರ ಅವನ ಕಣ್ಣು ಎಲ್ಲದರ ಮೇಲೂ ಇತ್ತು. ಬಟ್ಟಲಲ್ಲಿ ಇದ್ದದ್ದು ಅರ್ಧ ಗುಳಿಗೆ. ನಿನ್ನೆಯೂ ಅರ್ಧವೇ ಇತ್ತೋ ಏನೋ. ಗಂಡನಿಗೆ ಗುಳಿಗೆ ಕೊಡುವುದರಲ್ಲೂ ಮನಸ್ಸು ಅರ್ಧವಾಗಿದೆ ಎಂದು ಅವನಿಗೆ ಅನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳ ಬೆರಳುಗಳಿಂದ ದವಾಖಾನೆಯ ವಾಸನೆ ಬರುತ್ತದೋ ಎಂದು ನೀರಿನ ಲೋಟ ತೆಗೆದುಕೊಳ್ಳುವಾಗ ಮೂಸಿದ. ಬೆಳ್ಳುಳ್ಳಿಯ ವಾಸನೆ ಬಂತು. ಬೆಳ್ಳುಳ್ಳಿ ತಿಕ್ಕಿಕೊಂಡು ಮರೆಮಾಚಿದ್ದಾಳೆ ಎಂದುಕೊಂಡ. ಕೋಪರಖೈರಣೆಯಲ್ಲಿರುವ ಮಗನಿಗೆ ಫೋನು ಮಾಡಿ ಹೇಳಿದರೆ ಏನಾದೀತು? ಅವನು ಮರಾಠಿಯಲ್ಲಿ, ಬಾಬಾ, ನಿಮಗೆ ಬೇರೆ ಉದ್ಯೋಗ ಇಲ್ಲವೇ ಎನ್ನುತ್ತಾನೆ. ಪ್ರಭುದೇವ ಅರ್ಧ ಗುಳಿಗೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದ.

ನಾಲ್ಕನೆಯ ದಿನ, ಅಂದರೆ ಇವತ್ತು, ಅವಳು ಬಂದಳು. ಓಣಿಯ ತಿರುವಿನಲ್ಲಿ ನಿಂತದ್ದು ಕಂಡಿತು. ಇವನೂ ನೋಡಿದ, ಅವಳೂ ನೋಡಿದಳು. ನಡುವೆ ಒಂದು ರಿಕ್ಷಾ ಹಾದುಹೋಯಿತು. ಈ ಸಲ ಅವಳು ತಿರುಗಲಿಲ್ಲ. ನೆಟ್ಟಗೆ ನಡೆದು ಬಂದು ಪಾವಟಿಗೆ ಹತ್ತಿದಳು, ಸೆರಗು ಅವನ ಮೊಣಕಾಲಿಗೆ ತಾಗಿತು, ಒಳಗೆ ಹೋದಳು. ಗುಂಡಿ ಒತ್ತಬೇಕೋ ಬೇಡವೋ ಎಂದು ಹೆಬ್ಬೆರಳು ತಡೆಯಿತು. ಒಳಗಿನ ಮಾತು ಕೇಳಲೆಂದು ಕಿವಿಯನ್ನು ಹಿಂದಕ್ಕಿಟ್ಟು ಕೂತ. ಕಲ್ಯಾಣಕ್ಕೆ ಹೋಗುವ ಫಾಸ್ಟ್ ಲೋಕಲ್ ಆಗಲೇ ಹಾಯಬೇಕೇ; ಅದು ಹೋಗಿ ಮುಗಿಯುವಷ್ಟರಲ್ಲಿ ಒಳಗೆ ಅಪ್ಪಿಯ ಕೆಮ್ಮು ಬಿಟ್ಟು ಏನೂ ಇರಲಿಲ್ಲ. ಇವತ್ತು ನಗು ಇಲ್ಲ. ಇವನಿದ್ದಾನೆಂದು ನಗುತ್ತಿಲ್ಲ. ಇದ್ದರೆ ನಗುವುದಿಲ್ಲ, ಇಲ್ಲದಿದ್ದರೆ ನಗುತ್ತಾಳೆ. ಇಡೀ ಸಂಸಾರದ ಲೆಕ್ಕ ಅಷ್ಟೇ ಎಂದು ಅವನಿಗೆ ಆ ಕುರ್ಚಿಯಲ್ಲಿ ಕೂತು ತಿಳಿಯಿತು. ಅಳು ಬಂದ ಹಾಗಾಯಿತು, ಸಿಟ್ಟೂ ಬಂತು. ಒಬ್ಬ ಮುದುಕ ಹೊರಗೆ ಬಂದ. ಆಮೇಲೆ ಕೂಸನ್ನೆತ್ತಿಕೊಂಡ ಹುಡುಗಿ ಬಂದಳು. ಮೂರನೆಯವಳು ನೀಲಗಂಗಾ.

ಬಿಟ್ಟು ಮುಂದಿನವರನ್ನು ಕೇಳಬೇಕಿತ್ತು, ನಿಯಮ ಹಾಗೇ ಇತ್ತು. ಅವನು ಟ್ಯಾಬಿನಿಂದ ತಲೆ ಎತ್ತಲಿಲ್ಲ. ಅವಳೇ ಪಾವಟಿಗೆ ಇಳಿದು, ಎಲ್ಲರೂ ನಿಲ್ಲುವ ಜಾಗದಲ್ಲಿ ಚೀಲ ಹಿಡಿದು ನಿಂತಳು.

"ಕೇಳ್ರಿ. ಎಲ್ಲಾರಿಗೂ ಕೇಳ್ತೀರಂತಲ್ಲ."

ಹಿಂದೆ ಬಾಗಿಲಲ್ಲಿ ಅಪ್ಪಿ ಬಂದು ನಿಂತಿದ್ದಳು. ಪ್ರಭುದೇವನ ಬೆರಳು ತೆರೆಯ ಮೇಲೆ ತಾನಾಗಿಯೇ ಮೊದಲ ಪ್ರಶ್ನೆಯನ್ನು ಮುಟ್ಟಿತು. ಸಾವಿರ ಪ್ರಶ್ನೆ ಮನಸ್ಸಿನಲ್ಲಿದ್ದವು, ಬಾಯಿಗೆ ಬಂದದ್ದು ಸರಕಾರದ್ದು.

"ಇವತ್ತು ಯಾರ ಸಲುವಾಗಿ ಬಂದಿದ್ರಿ? ಸ್ವಂತಕ್ಕೋ, ಬ್ಯಾರೆಯವರಿಗೋ?"

"ನಮ್ಮ ಮನಿಯವರಿಗೆ. ಶುಗರ್ ಅದ ಅವರಿಗೆ. ಹೋದ ಸಲ ಎರಡ ದಿನದ್ದಷ್ಟ ಕೊಟ್ಟಿದ್ರು, ಗುಳಿಗಿ ತೀರಿದ್ವು."

ಅವನು ಅವಳ ಚೀಲದ ಕಡೆ ನೋಡಿದ. ಎಲ್ಲರ ಕೈಯಲ್ಲೂ ಇರುವ ಆ ಕಂದು ಕಾಗದದ ಪೊಟ್ಟಣ ಚೀಲದ ಬಾಯಲ್ಲಿ ಇಣುಕುತ್ತಿತ್ತು. ಬಟ್ಟಲಲ್ಲಿದ್ದ ಅರ್ಧ ಗುಳಿಗೆ ನೆನಪಾಯಿತು. ತಿರುವಿನಿಂದ ಬರಿಗೈಯಲ್ಲಿ ತಿರುಗಿದವಳು ಉಳಿದದ್ದನ್ನು ಮುರಿದು ಮುರಿದು ಹಾಕಿದ್ದಳು. ಗೋದಾಮು ಮುಚ್ಚಿದಂದಿನಿಂದ ಅವನು ನುಂಗುತ್ತ ಬಂದದ್ದು ಈ ಮೇಜಿನ ಗುಳಿಗೆ. ಇವನು ಅಳೆಯಲು ಬಂದ ದವಾಖಾನೆಯಲ್ಲಿ ಎರಡು ವರ್ಷದಿಂದ ಇವನದೇ ಹೆಸರಿನ ರೋಗಿ ಇದ್ದ. ಆದರೂ ಪ್ರಶ್ನೆಯ ಹಿಂದೆ ಪ್ರಶ್ನೆ ಇತ್ತು, ಅವನಿಗೆ ನಿಲ್ಲಿಸುವುದು ತಿಳಿಯಲಿಲ್ಲ.

"ರೋಗಿ ಖುದ್ದ ಯಾಕ ಬರಲಿಲ್ಲ?"

"ಅವರು ದೊಡ್ಡ ಮನುಷ್ಯಾರು" ಅಂದಳು ನೀಲಗಂಗಾ. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಅವನಿಗೆ ತಡೆಯದಾಯಿತು. ತೆರೆಯ ಮೇಲೆ ಉತ್ತರಗಳು ಮೂರೇ ಇದ್ದವು: ನಡೆಯಲಾಗದು, ಕೆಲಸಕ್ಕೆ ಹೋಗಿದ್ದಾರೆ, ಇತರೆ. ಅವನು ಇತರೆ ಒತ್ತಿದ.

"ಮತ್ತೊಮ್ಮೆ ಈ ಸೇವಾ ತಗೊಳ್ಳಾಕ ಬರ್ತೀರಿ?"

"ನೀವು ಈ ಪಾವಟಿಗಿ ಬಿಟ್ಟು ಎದ್ದ್ರ ಬರ್ತೀನಿ. ಎರಡು ಸಲ ಬಂದು ನಿಮ್ಮನ್ನ ನೋಡಿ ತಿರುಗಿ ಹೋಗೀನಿ. ನಿಮಗ ನಾಚಿಕಿ ಆಗ್ತದಂತ."

ಎದ್ದ. ಎದ್ದವನಿಗೆ ರಸ್ತೆ ಒಂದು ಮಗ್ಗುಲಿಗೆ ವಾಲಿದ ಹಾಗೆ ಕಂಡಿತು, ಕುರ್ಚಿಯ ಬೆನ್ನು ಹಿಡಿದುಕೊಂಡ. ಲತೀಶ ಒಳಗಿನಿಂದ ಬಂದು ರಟ್ಟೆ ಹಿಡಿದ. ಬಿಡಿ ಅನ್ನಬೇಕೆಂದಿದ್ದ, ಆಗಲಿಲ್ಲ. ಆ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿದ ಲತೀಶ, ಬೆರಳು ಚುಚ್ಚಿ, ಯಂತ್ರದಲ್ಲಿ ಬಂದ ಅಂಕಿ ನೋಡಿ ನಾಲಿಗೆಯಿಂದ ಚ್ಚ್ ಅಂದ. ನೀಲಗಂಗಾ ಬಾಗಿಲಿನಿಂದಲೇ, ಇವರೇ ಅವರು, ಅಂದಳು. ಲತೀಶನ ಮುಖ ಅರಳಿತು, ಮೇಲಿನ ಒಸಡು ಕಾಣಿಸಿತು.

"ಓ, ಪ್ರಭುದೇವ್ ನೀವೇ ಅಲ್ವಾ? ಎಡಗಾಲಿನ ಜೋಮು ಈಗ ಹೇಗುಂಟು ಸರ್?"

ಎಡಗಾಲು. ಆ ಕಾಲಿನ ಬೆರಳುಗಳು ಸತ್ತ ಹಾಗಾಗಿರುವುದನ್ನು ಪ್ರಭುದೇವ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುವುದನ್ನು ಅವಳು ಯಾವಾಗ ನೋಡಿದ್ದಳು? ನೋಡಿ, ಬಾಯಿಬಿಟ್ಟು ಅವನಿಗೆ ಹೇಳದೆ, ಇಲ್ಲಿ ತಂದು ಲತೀಶನಿಗೆ ಹೇಳಿದ್ದಳು. ಅವನ ನೀರಡಿಕೆ, ಅವನ ಸಿಟ್ಟು, ಬಹುಶಃ ಹಾರಿಹೋದ ಅವನ ಟೋಪಿ, ಎಲ್ಲ ಈ ಮೇಜಿನ ಮೇಲೆ ಬಂದುಹೋಗಿವೆ. ಇವರಿಬ್ಬರೂ ನಕ್ಕದ್ದು ತನ್ನನ್ನು ನೆನೆದೇ ಇರಬೇಕು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳು ತನ್ನ ಮಾತು ಬಿಟ್ಟು ಬೇರೆ ಮಾತೇ ಆಡಿಲ್ಲ ಎಂದು ತಿಳಿದ ಮೇಲೂ ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ. ತನ್ನ ಬಗ್ಗೆಯೇ ಆದರೂ ಅವಳು ಹೇಳಿದ್ದು ಬೇರೆಯವನಿಗೆ. ಲತೀಶ ಕೇಳಿದ, ತಾನು ಕೇಳಲಿಲ್ಲ. ಜಯೇಶನಿಗೆ ಹೋದ ಅಂಕಿ ಇನ್ನೂ ತಪ್ಪೇ ಇತ್ತು. ಈ ನಾಲ್ಕು ದಿನದ ಲೆಕ್ಕ ದವಾಖಾನೆಯದಲ್ಲ, ನನ್ನ ಕುರ್ಚಿಯದು ಎಂದು ಅವನಿಗೆ ಹೇಳಬೇಕು. ಹೇಳಿದರೆ ಕೆಲಸ ಉಳಿಯುವುದಿಲ್ಲ. ಹೇಳದಿದ್ದರೆ ಈ ಸ್ಟೂಲು ಉಳಿಯುವುದಿಲ್ಲ. ಹೇಳುವುದೇ ಎಂದುಕೊಂಡ.

ಲತೀಶ ಅವನ ತೋಳಿಗೆ ಪಟ್ಟಿ ಸುತ್ತಿದ. ಅದೇ ಪಟ್ಟಿ. ಒರಟು ಬಟ್ಟೆ, ಅಂಚಿನಲ್ಲಿ ನೂಲು ಬಿಟ್ಟಿತ್ತು. ಎಲ್ಲರಿಗೆ ಸುತ್ತುವ ಹಾಗೇ ಸುತ್ತಿದ, ನಿದ್ದೆ ಬರುತ್ತದಾ ಎಂದು ಎಲ್ಲರನ್ನೂ ಕೇಳುವ ಹಾಗೇ ಕೇಳಿದ. ಪ್ರಭುದೇವ ತಲೆ ಬಗ್ಗಿಸಿ, ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಕೇಳಿದ: ಆಕೀದು ಎಷ್ಟು ಇರ್ತದ, ಬಿಪಿ?

"ನೀಲಗಂಗಕ್ಕಂದಾ? ಅವರದ್ದು ಒಂದು ದಿನವೂ ನೋಡಿಲ್ಲ ಸರ್" ಅಂದ ಲತೀಶ. "ಕೂತ್ಕೊಳ್ಳಿ ನೋಡುವ ಅಂದ್ರೆ, ಮುಂದಿನ ಸಲ ಅಂತಾರೆ. ನಿಮ್ಮ ಗುಳಿಗೆ ತಗೊಂಡು ಓಡ್ತಾರೆ."

ಪ್ರಭುದೇವ ಸ್ಟೂಲಿನಿಂದ ಎದ್ದ. ಮೊದಲು ಹೊರಗೆ ಹೋಗಿ, ಪಾವಟಿಗೆಯ ಮೇಲಿನ ಕುರ್ಚಿಯನ್ನು ಎತ್ತಿಕೊಂಡು, ಹೆಜ್ಜೆ ನೋಡಿ ಇಡುತ್ತ ರಸ್ತೆ ದಾಟಿ ಬಾದಾಮಿ ಮರದ ಕೆಳಗಿಟ್ಟು ಬಂದ. ಅಪ್ಪಿ ಅವನಿಗೆ ದಾರಿ ಬಿಟ್ಟಳು. ನೀಲಗಂಗಾ ಹೊಸ್ತಿಲಲ್ಲಿ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು. ಇವನು ಅವಳ ಕೈಯಿಂದ ಚೀಲ ತೆಗೆದುಕೊಂಡ. ಬಾ ಇಲ್ಲಿ, ಕೂಡು, ಅಂದ. ನನಗೇನಾಗೇದ್ರಿ, ಎಂದಳು ಅವಳು. ಮನೆಯಲ್ಲಿ ಹಿಟ್ಟು ನಾದಿಟ್ಟು ಬಂದೀನಿ ಎಂದಳು. ಕೂಡು ಅಂದ್ನೆಲ್ಲ, ಅಂದ. ದನಿ ಎಂದಿನ ಹಾಗೇ ಒರಟಾಗಿ ಬಂತು. ಅವಳು ಕೂತಳು. ಮೇಜಿನ ಮೇಲೆ ಎಡಗೈ ಇಟ್ಟಳು. ಪಟ್ಟಿ ಸುತ್ತಲು ಹಸಿರು ಬಳೆಗಳು ಅಡ್ಡ ಬಂದವು, ಅದರ ಕೊಳವೆ ಬಳೆಗಳ ನಡುವೆ ಸಿಕ್ಕಿಕೊಂಡಿತು. ಸ್ವಲ್ಪ ಬಳೆ ಹಿಡ್ಕೊಳ್ಳಿ ಸರ್, ಅಂದ ಲತೀಶ. ಪ್ರಭುದೇವ ಬಗ್ಗಿ ಬಳೆಗಳನ್ನೆಲ್ಲ ಮಣಿಕಟ್ಟಿನ ಕಡೆಗೆ ಸರಿಸಿ ಎರಡೂ ಕೈಯಿಂದ ಹಿಡಿದುಕೊಂಡ. ಅವಳ ಮಣಿಕಟ್ಟು ಇಷ್ಟು ಸಣ್ಣಗಿದೆಯೇ. ಲತೀಶನ ಬೆರಳುಗಳು ಅವಳ ಮೊಣಕೈಯ ಒಳಮಗ್ಗುಲಲ್ಲಿ ನಾಡಿ ಹುಡುಕಿದವು. ಪ್ರಭುದೇವನಿಗೆ ಈಗಲೂ ಕಿಚ್ಚಾಯಿತು, ಆದರೂ ಅವನು ಬಳೆ ಬಿಡಲಿಲ್ಲ. ಪಟ್ಟಿ ಗಾಳಿ ತುಂಬಿಕೊಂಡು ಬಿಗಿಯಿತು. ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಗಾಳಿ ನಿಧಾನವಾಗಿ ಇಳಿಯಿತು. ಇಷ್ಟು ಮೇಲೆ ಇರಬಾರದಲ್ಲ ಎಂಬಂತೆ ಲತೀಶ ಮುಳ್ಳನ್ನೇ ನೋಡಿದ. ಊಟವಾಯಿತೇ, ನಿದ್ದೆ ಬಂತೇ ಎಂದು ಕೇಳಲೂ ಇಲ್ಲ. ಕಿವಿಯ ನಳಿಕೆಯನ್ನು ಸರಿಮಾಡಿಕೊಂಡು, ಪ್ರಭುದೇವನ ಮುಖವನ್ನು ಒಮ್ಮೆ ನೋಡಿ, ಇನ್ನೊಂದು ಸಲ ನೋಡುವ ಎಂದು ಮತ್ತೆ ಗಾಳಿ ಒತ್ತತೊಡಗಿದ.